ಅತ್ತೆಯ ಗಾಳ, ನನ್ನ ಮೂಗು

ಮೀನು ಕೊಳ್ಳುವ ಮೊದಲು ಮೂಸಿ ನೋಡುವ ಚಾಳಿ ನನಗಿದೆ. ಕಣ್ಣು ಮಿನುಗುತ್ತಿದೆಯೇ, ಕಿವಿರು ಬಿಡಿಸಿದರೆ ಕೆಂಪು ಉಳಿದಿದೆಯೇ ಎಂದು ಎಲ್ಲರೂ ನೋಡುತ್ತಾರೆ. ಅದು ಮರ್ಯಾದಸ್ಥರ ಪರೀಕ್ಷೆ. ನಾನು ಬಂಗಡೆಯನ್ನು ಬಾಲ ಹಿಡಿದೆತ್ತಿ, ಮೂಗಿನ ಬುಡಕ್ಕೆ ತಂದು, ಕಣ್ಣು ಮುಚ್ಚಿ ಉಸಿರೆಳೆಯುತ್ತೇನೆ. ಶಿರಸಿಯ ಮೀನುಪೇಟೆಯಲ್ಲಿ ನಾನು ಬರುವುದು ಕಂಡರೆ ಮೀನು ಮಾರುವ ಹೆಂಗಸರು ಮುಖ ಮುಖ ನೋಡಿಕೊಳ್ಳುತ್ತಾರೆ. ಒಮ್ಮೆ ಒಬ್ಬಾಕೆ ನನ್ನ ಕೈಯಿಂದ ಮೀನು ಕಿತ್ತುಕೊಂಡು, "ಬಾಯೀ, ಇದು ಮಲ್ಲಿಗೆ ಮಾಲೆ ಅಲ್ಲ. ಮುಡೀಲಿಕ್ಕೆ ಬೇಕಿದ್ರೆ ಆಚೆ ಸಾಲಿಗೆ ಹೋಗಿ" ಅಂದಳು. ಜೊತೆಗಿದ್ದ ನಮ್ಮವರು ಆ ದಿನದಿಂದ ಮೀನುಪೇಟೆಯ ಬಾಗಿಲಲ್ಲೇ ನಿಂತು, ನಾನು ಯಾರೋ ಅವರು ಯಾರೋ ಎಂಬಂತೆ ಪೇಪರು ಓದುತ್ತಾರೆ.

ಕಡಲ ಬದಿಯವಳಲ್ಲವೇ, ಮೀನಿನ ಮೂಗು ಹುಟ್ಟಿನಿಂದಲೇ ಬಂದಿರಬೇಕು ಎಂದು ನೀವು ತಿಳಿದೀರಿ. ಅಲ್ಲ. ಕಡಲ ಬದಿಯಲ್ಲಿ ನಮಗೆ ಮೂಸುವ ಪ್ರಮೇಯವೇ ಇರಲಿಲ್ಲ. ನಾನು ಹುಟ್ಟಿದ್ದು ಕುಮಟಾದಿಂದ ಆಚೆ, ಮನೆಯ ಹಿತ್ತಿಲು ಮುಗಿದರೆ ಮರಳು ಶುರುವಾಗುವ ಊರಲ್ಲಿ. ದೊಡ್ಡ ಬಲೆ ಎಳೆಯುವ ದಿನ ಹಗ್ಗಕ್ಕೆ ಕೈ ಕೊಟ್ಟವರಿಗೆಲ್ಲ ಒಂದೊಂದು ಬೊಗಸೆ ತಾರ್ಲೆ ಮೀನು. ನಾನು ಹಗ್ಗ ಎಳೆಯುತ್ತಿದ್ದೆನೋ ಹಗ್ಗಕ್ಕೆ ಜೋತು ಬೀಳುತ್ತಿದ್ದೆನೋ, ನನ್ನ ಹಿಂದೆ ಎಳೆಯುತ್ತಿದ್ದವರನ್ನು ಕೇಳಬೇಕು. ಬೊಗಸೆಯಂತೂ ತಪ್ಪುತ್ತಿರಲಿಲ್ಲ. ಫ್ರಾಕಿನ ಮಡಿಲಲ್ಲಿ ಕಟ್ಟಿಕೊಂಡು ಓಡಿ ಬಂದರೆ ಅವ್ವಿ ಮೊದಲು ಫ್ರಾಕು ನೋಡಿ ಬಯ್ಯುತ್ತಿದ್ದಳು, ಆಮೇಲೆ ಮೀನು ನೋಡಿ ಸುಮ್ಮನಾಗುತ್ತಿದ್ದಳು. ಮೀನು ಅಂದರೆ ಉಪ್ಪುನೀರಿನದ್ದು, ಸಿಹಿನೀರಲ್ಲಿ ಇರುವವು ಕಪ್ಪೆಗಳು ಎಂದೇ ನಾವೆಲ್ಲ ನಂಬಿದ್ದೆವು.

ಅಂಥವಳನ್ನು ತೊಂಬತ್ತರ ದಶಕದ ಆರಂಭದಲ್ಲಿ ಘಟ್ಟದ ಮೇಲಕ್ಕೆ ಕೊಟ್ಟರು. ಕಾನಸೂರಿನಲ್ಲಿ ಬಸ್ಸಿಳಿದು ಒಳಗೆ ಬಹಳ ದೂರ ನಡೆಯಬೇಕಾದ ಊರು. ನಮ್ಮವರು ಕರೆಂಟಿನ ಲೈನ್‌ಮನ್. ಮನೆಯಲ್ಲಿ ಅವರು, ಅವರ ತಾಯಿ ದ್ಯಾವಮ್ಮ, ಒಂದು ಬೆಕ್ಕು. ಮನೆಯ ಕೆಳಗೆ ಗದ್ದೆ, ಗದ್ದೆಯ ಕೆಳಗೆ ಹೊಳೆ. ನಕಾಶೆಯಲ್ಲಿ ಅದಕ್ಕೊಂದು ಹೆಸರು ಇದ್ದೀತು, ನಮ್ಮೂರಿನವರಿಗೆ ಅದು ಬರೀ ಹೊಳೆ.

ಮದುವೆಯಾದ ವಾರದಲ್ಲೇ ಅತ್ತೆ ನನಗಾಗಿ ಚೇಳುಮೀನಿನ ಸಾರು ಮಾಡಿದರು. ಕಲ್ಲಿನ ಮೇಲೆ ಒಲೆಯ ಬೂದಿ ಹಾಕಿ ಲೋಳೆ ಹೋಗುವವರೆಗೆ ತಿಕ್ಕಿ, ಒಣಗಿಸಿದ ಉಪ್ಪಾಗೆ ಹಣ್ಣಿನ ಹುಳಿ ಹಾಕಿ, ಕಾಳುಮೆಣಸು ಅರೆದು ಕುದಿಸಿದ ಸಾರು. ಒಂದು ತುತ್ತು ಬಾಯಿಗಿಟ್ಟೆ. ಗದ್ದೆಗೆ ಬಾಯಿ ಹಾಕಿದ ಹಾಗಾಯಿತು. ಮೀನಿನ ತುಂಡನ್ನು ಅನ್ನದ ಕೆಳಗೆ ಅಡಗಿಸಿದೆ. ಅನ್ನ ಮುಗಿಯುತ್ತ ಬಂದಾಗ ಅಡಗಿಸಲು ಜಾಗ ಸಾಲದೆ, ಮೆಲ್ಲಗೆ ಮಣೆಯ ಪಕ್ಕದಲ್ಲಿ ಕೂತಿದ್ದ ಬೆಕ್ಕಿನ ಮುಂದೆ ಜಾರಿಸಿದೆ.

"ಬೆಕ್ಕಿಗೆ ಬ್ಯಾರೆ ಇಟ್ಟೀನಿ, ನೀ ಉಣ್ಣು" ಅಂದರು ಅತ್ತೆ, ನನ್ನತ್ತ ನೋಡದೆಯೇ.

"ಹಂಗಲ್ಲ ಅತ್ತೆ. ಮೀನಿಗೆ ಒಂಚೂರು ವಾಸನೆ ಅದೆ."

"ಎಂತ ವಾಸನೆ ಐತೆ?"

"ಕೆಸರು ವಾಸನೆ."

ಅತ್ತೆ ಸೌಟು ಕೆಳಗಿಟ್ಟರು. "ಅದು ಕೆಸರಲ್ಲ ಮಾರಾಯ್ತಿ, ಹೊಳೆ ವಾಸನೆ. ನಿಮ್ಮ ಮೀನಿಗೆ ಕಡಲ ವಾಸನೆ ಇರಲ್ವನೆ? ನಾಳೆ ಬಾ, ಹೊಳೆ ತೋರಿಸ್ತೀನಿ."

ಮರುದಿನ ಹೋದೆವು. ದೊಡ್ಡ ಅತ್ತಿಮರದ ಬೇರು ನೀರಿಗಿಳಿದ ಕಡೆ ಆಳವಾದ ಗುಂಡಿಯೊಂದಿತ್ತು. ಮನೆಯಲ್ಲಿ ಒಂದು ನಿಮಿಷ ಬಾಯಿ ಮುಚ್ಚದ ಅತ್ತೆ ಅಲ್ಲಿ ಬೇರಿನ ಮೇಲೆ ಕೂತು, ಗಾಳಕ್ಕೆ ಎರೆಹುಳ ಚುಚ್ಚಿ ನೀರಿಗೆ ಬಿಟ್ಟರೆ ಬೇರೆಯೇ ಮನುಷ್ಯರು. ಆಗಾಗ ಸೊಂಟದ ಡಬ್ಬಿಯಿಂದ ಒಂದು ಚಿಟಿಕೆ ನಶ್ಯ ಏರಿಸುವುದು ಬಿಟ್ಟರೆ ಅಲುಗಾಟವಿಲ್ಲ. ನನಗೆ ಸುಮ್ಮನಿರಲು ಬರುವುದಿಲ್ಲ. ಹೊಳೆ ಎಲ್ಲಿಂದ ಬರ್ತದೆ, ಮೊಸಳೆ ಇದ್ಯಾ, ನಿಮ್ಮ ಮಗ ಚಿಕ್ಕವರಿದ್ದಾಗ ಇಲ್ಲಿ ಈಜ್ತಿದ್ರಾ ಎಂದೆಲ್ಲ ಕೇಳುತ್ತ ಹೋದೆ. ಅತ್ತೆ ಬಹಳ ಹೊತ್ತು ತಡೆದುಕೊಂಡು ಕೊನೆಗೆ ಹೇಳಿದರು: "ಮೀನಿಗೆ ಕಿವಿ ಐತೆ. ಸೊಸೆದಿರಿಗೆ ಬಾಯಿ ಐತೆ. ಎರಡೂ ಒಂದೇ ಕಡೆ ಇದ್ರೆ ಸಾರು ಆಗೂದಿಲ್ಲ."

ಆ ಮಾತಿಗೆ ನಗು ಬಂದು, ನಗು ತಡೆಯಲು ಹೋಗಿ, ಬೇರಿನ ಪಾಚಿಯ ಮೇಲೆ ಕಾಲು ಜಾರಿ ಸೀರೆ ಸಮೇತ ಗುಂಡಿಗೆ ಬಿದ್ದೆ. ಅಂಚಿನ ಸೊಂಟದವರೆಗಿನ ನೀರಲ್ಲಿ ನಿಂತು ನೋಡಿದರೆ ಅತ್ತೆ ಎತ್ತುತ್ತಿದ್ದಾರೆ, ನನ್ನನ್ನಲ್ಲ, ಗಾಳವನ್ನು. ಸಿಕ್ಕಿಕೊಳ್ಳುತ್ತದೆಂದು. ಆಮೇಲೆ ಕೈ ಕೊಟ್ಟರು. ಬಿದ್ದದ್ದು ಒಳ್ಳೆಯದೇ ಆಯಿತು. ಆ ನೀರಿನ ವಾಸನೆ ದಿನವಿಡೀ ನನ್ನ ಕೂದಲಲ್ಲಿ ಉಳಿಯಿತು. ನೆನೆದ ಎಲೆಯದ್ದು, ಕಲ್ಲಿನದ್ದು, ಎಲ್ಲೋ ಒಂದು ಹೂವಿನದ್ದು. ಸಂಜೆ ಹೊತ್ತಿಗೆ, ಸಾರಿನಲ್ಲಿದ್ದದ್ದೂ ಇದೇ ಅಲ್ಲವೇ ಅನ್ನಿಸಿತು. ಮುಂದಿನ ಸಲ ತುಂಡನ್ನು ಅನ್ನದ ಮೇಲಿಟ್ಟುಕೊಂಡೇ ಉಂಡೆ.

ಹೊಳೆಗೆ ಹೋಗುವುದು ಹಾಗೆ ಶುರುವಾಯಿತು. ನನಗೆ ಊರಿನ ಅಂಗನವಾಡಿಯಲ್ಲಿ ಕೆಲಸ ಸಿಕ್ಕಿತ್ತು; ರಜೆ ಇದ್ದ ದಿನ ಬೆಳಿಗ್ಗೆ ಅತ್ತೆಯ ಬೆನ್ನಿಗೆ ಹೊರಡುತ್ತಿದ್ದೆ. ನಮ್ಮಿಬ್ಬರ ನಡುವೆ ಜಗಳ ಇರಲಿಲ್ಲವೆಂದರೆ ನೀವು ನಂಬುವುದಿಲ್ಲ, ನಂಬಬೇಡಿ. ಉಪ್ಪಿನ ಡಬ್ಬ ಎಲ್ಲಿಡಬೇಕು ಎಂಬುದಕ್ಕೇ ಮೂರು ದಿನ ಮಾತು ಬಿಟ್ಟದ್ದುಂಟು. ಆದರೆ ಹೊಳೆಯ ಬದಿಯಲ್ಲಿ ಹೇಗೂ ಮಾತಾಡುವಂತಿಲ್ಲ. ಅಲ್ಲಿ ಒಟ್ಟಿಗೆ ಸುಮ್ಮನೆ ಕೂತು ಕೂತು, ಮಾತು ಬಿಟ್ಟದ್ದು ಸಿಟ್ಟಿಗೋ ಮೀನಿಗೋ ಎಂಬುದೇ ಮರೆತುಹೋಗುತ್ತಿತ್ತು.

ಮಳೆಗಾಲದ ಮೊದಲ ನೀರಿಗೆ ಮೀನು ಹೊಳೆ ಬಿಟ್ಟು ಗದ್ದೆಯ ಕಡೆ ಹತ್ತುತ್ತವೆ. ಆಗ ಗಾಳ ಬೇಡ, ಕೂಣಿ ಬೇಕು. ಬಿದಿರಿನ ಕಡ್ಡಿ ಹೆಣೆದು ಮಾಡಿದ ಉದ್ದನೆಯ ಬುಟ್ಟಿ ಅದು. ಒಳಗೆ ಹೋದ ಮೀನಿಗೆ ಹೊರಗೆ ಬರಲು ದಾರಿ ಸಿಗದ ಹಾಗೆ ಬಾಯಿ ಕಟ್ಟಿರುತ್ತಾರೆ. ಮಾವ ತೀರಿಕೊಂಡ ಮೇಲೆ ಅತ್ತೆ ತಾವೇ ಹೆಣೆಯುತ್ತಿದ್ದರು. ಬೆಳಗಾಗುತ್ತಲೇ ಹೋಗಿ ಕೂಣಿ ಎತ್ತಿದರೆ ಒಳಗೆ ಪಟಪಟ ಸದ್ದು. ಅತ್ತೆ ಒಂದೊಂದೇ ಮೀನನ್ನು ಹಿಡಿದು ಹೊಟ್ಟೆ ಒತ್ತಿ ನೋಡುತ್ತಿದ್ದರು, ಥೇಟು ಸೂಲಗಿತ್ತಿಯ ಹಾಗೆ. ಮೊಟ್ಟೆ ತುಂಬಿದ್ದನ್ನು ನೀರಿಗೆ ಬಿಡುತ್ತ, "ಹೋಗು, ಹೆತ್ತು ಬಾ" ಅನ್ನುತ್ತಿದ್ದರು. ನನ್ನ ಮಗಳು ಹೊಟ್ಟೆಯಲ್ಲಿದ್ದ ವರ್ಷ ನಾನು ತವರಿಗೆ ಹೊರಟಾಗ ಬಸ್ಸಿನ ಕಿಟಕಿಯ ಹತ್ತಿರ ನಿಂತು ಅದೇ ಮಾತನ್ನು ಅದೇ ಧ್ವನಿಯಲ್ಲಿ ಹೇಳಿದರು. ನನಗೆ ಅಳು ಬರುವುದರಲ್ಲಿತ್ತು, ನಗು ಬಂದುಬಿಟ್ಟಿತು.

ಬದಲಾದದ್ದು ಯಾವಾಗ ಎಂದು ಸರಿಯಾಗಿ ಹೇಳಲಾರೆ. ಹೊಳೆಯ ಮೇಲ್ಗಡೆ, ಡಾಂಬರು ರಸ್ತೆಗಳು ಕೂಡುವಲ್ಲಿ ಒಂದು ಕ್ರಾಸ್ ಇದೆ. ನಾನು ಬಂದಾಗ ಅಲ್ಲಿದ್ದದ್ದು ಒಂದು ಚಾದಂಗಡಿ. ಎರಡು ಸಾವಿರದ ಇಸವಿ ದಾಟುವ ಹೊತ್ತಿಗೆ ಅಲ್ಲಿ ಹೋಟೆಲು, ಗ್ಯಾರೇಜು, ಕೋಳಿ ಅಂಗಡಿ, ಲಾರಿ ತೊಳೆಯುವ ಜಾಗ ಎಲ್ಲ ಆಗಿದ್ದವು. ನಮಗೆಲ್ಲ ಸಂತೋಷವೇ. ಬಳೆ ಕೊಳ್ಳಲು, ಮಗುವಿಗೆ ಬಿಸ್ಕಿಟು ತರಲು ಶಿರಸಿಗೆ ಹೋಗುವುದು ತಪ್ಪಿತ್ತು. ಹೊಳೆಯಲ್ಲಿ ಬೇಸಿಗೆಯಲ್ಲೂ ನೊರೆ ಕಾಣಿಸತೊಡಗಿದಾಗ ಅತ್ತೆ, "ಎಲ್ಲೋ ಮೇಲೆ ಮಳೆ ಬಂದೈತೆ" ಅಂದರು. ನಾನೂ ಹೌದೆಂದೆ. ಕಲ್ಲುಗಳ ಮೇಲೆ ಕಪ್ಪು ಅಂಟು ಹತ್ತತೊಡಗಿತು. ಅತ್ತಿಗುಂಡಿಯ ತಳ ಕಾಣುವುದು ನಿಂತಿತು. ಮಗಳ ಕಾಲಿಗೆ ತುರಿಕೆ ಎದ್ದಾಗ ಬೇವಿನ ಸೊಪ್ಪು ಅರೆದು ಹಚ್ಚಿದೆವು.

ಒಂದು ದಿನ ಅತ್ತೆ ಆರೇಳು ಕೊರವ ಮೀನು ಹಿಡಿದು ತಂದು ನನ್ನ ಮುಂದಿಟ್ಟು ಸ್ನಾನಕ್ಕೆ ಹೋದರು. ನಾನು ಬೂದಿ ಹಾಕಿ ತಿಕ್ಕಲು ಕೂತೆ. ಹೊಟ್ಟೆ ಸೀಳಿದ ಮೊದಲ ಮೀನಿಗೇ ಮೂಗು ಹಿಂಡಿಕೊಳ್ಳುವಂತಾಯಿತು. ಚಿಮಣಿ ಎಣ್ಣೆ, ಕೊಳೆತದ್ದು, ಸೋಪು ಎಲ್ಲ ಸೇರಿದ ವಾಸನೆ. ಎರಡನೆಯದೂ ಹಾಗೇ. ಅದನ್ನು ಅಡುಗೆ ಮಾಡಿ ಮಗಳಿಗೆ ಬಡಿಸಲು ಕೈ ಬರಲಿಲ್ಲ. ಅತ್ತೆಗೆ ಹೇಳಲು ಬಾಯಿಯೂ ಬರಲಿಲ್ಲ. ನೋಡಿ, ಆಗ ಅವರಿಗೆ ಗದ್ದೆ ಕೆಲಸ ಆಗುತ್ತಿರಲಿಲ್ಲ, ಒಲೆಯ ಮುಂದೆ ಹೆಚ್ಚು ಹೊತ್ತು ಕೂರಲಾಗುತ್ತಿರಲಿಲ್ಲ. ಮನೆಗೆ ತಾನು ತಂದು ಹಾಕುವುದು ಎಂದು ಅವರಿಗೆ ಉಳಿದಿದ್ದದ್ದು ಆ ಮೀನು ಒಂದೇ.

ಅಷ್ಟರಲ್ಲಿ ರಸ್ತೆಯಲ್ಲಿ ಮೀನಿನ ಗಾಡಿಯವನ ಹಾರ್ನ್ ಕೇಳಿತು. ನನ್ನ ಬುದ್ಧಿ ನೋಡಿ. ಕೊರವವನ್ನು ಗೊಬ್ಬರಗುಂಡಿಗೆ ಎಸೆದು, ಓಡಿ ಹೋಗಿ ನೊಗಲಿ ಮೀನು ಕೊಂಡು ತಂದು, ಉಪ್ಪಾಗೆ ಹುಳಿ ಹಾಕಿ, ಕಾಳುಮೆಣಸು ಅರೆದು ಸಾರು ಮಾಡಿಬಿಟ್ಟೆ. ಇಡೀ ಆಯುಷ್ಯ ಹೊಳೆಮೀನು ಹಿಡಿದವರಿಗೆ ಕಡಲ ಮೀನನ್ನು ಹೊಳೆಯದ್ದೆಂದು ಬಡಿಸಲು ಹೊರಟಿದ್ದೆ.

ಊಟಕ್ಕೆ ಕೂತಾಗ ನಮ್ಮವರು ತುಂಡನ್ನು ತಿರುಗಿಸಿ ನೋಡಿ, "ಇದೆಂತ ಮೀನು?" ಅಂದರು.

ಅತ್ತೆ ಮುಳ್ಳು ಬಿಡಿಸುತ್ತಲೇ, "ಹೊಳೇದು. ಸುಮ್ನೆ ಉಣ್ಣು" ಅಂದರು. ಎರಡನೇ ಸಲ ಸಾರು ಹಾಕಿಸಿಕೊಂಡು ಉಂಡರು.

ಮರುದಿನ ಬೆಳಿಗ್ಗೆ ನಾನು ಅಂಗಳ ಗುಡಿಸುವಾಗ ಜಗುಲಿಯ ಮೇಲೆ ಬಂದು ಕೂತರು. ನಶ್ಯದ ಡಬ್ಬಿಯನ್ನು ಕೈಯಲ್ಲಿ ತಿರುಗಿಸುತ್ತ ಹೇಳಿದರು: "ನಿನ್ನೆ ನೀ ಗೊಬ್ಬರಗುಂಡಿಗೆ ಹಾಕಿದ ಮೀನು ಅಲ್ಲೇ ಐತೆ. ಬೆಕ್ಕು ಮುಟ್ಟಿಲ್ಲ."

ನಾನು ಪೊರಕೆ ಹಿಡಿದು ನಿಂತೆ.

"ಎಷ್ಟು ದಿನದಿಂದ ಹಿಂಗೈತೆ?"

"ನಿನ್ನೆ ಜೋರಿತ್ತು. ಮೊದ್ಲೂ ಒಂಚೂರು ಇತ್ತು ಅತ್ತೆ. ನಾನು ಹೇಳ್ಲಿಲ್ಲ."

ಅತ್ತೆ ಡಬ್ಬಿಯನ್ನು ಪಕ್ಕಕ್ಕಿಟ್ಟು, "ಇದನ್ನ ಏರಿಸಿ ಏರಿಸಿ ನನ್ನ ಮೂಗು ಹೋಗೈತೆ. ನನಗೆ ಗೊತ್ತೇ ಆಗಿಲ್ಲ ನೋಡು. ಮೊಮ್ಮಗಳಿಗೂ ಅದನ್ನೇ ತಿನ್ನಿಸಿದೆ" ಅಂದರು. ಅವರ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ಏಳುವಾಗ ಹೇಳಿದರು: "ಇನ್ಮೇಲೆ ನೀನು ಮೂಸಿ ಹೇಳು. ಈ ಮನೆಗೆ ಇನ್ನು ನಿಂದೇ ಮೂಗು."

ಹಾಗೆ ನಾನು ಮೂಗಾದೆ. ಅತ್ತೆ ಮೀನು ತಂದು ಮುಂದಿಟ್ಟು, ಪರೀಕ್ಷೆಯ ಫಲಿತಾಂಶಕ್ಕೆ ಕಾಯುವವರ ಹಾಗೆ ನನ್ನ ಮುಖ ನೋಡುತ್ತ ನಿಲ್ಲುತ್ತಿದ್ದರು. ಆಗೊಮ್ಮೆ ಈಗೊಮ್ಮೆ "ಅಡ್ಡಿಲ್ಲ" ಅನ್ನುವಂತಿರುತ್ತಿತ್ತು. ಬರಬರುತ್ತ ಅದೂ ಇಲ್ಲವಾಯಿತು. ಸುಳ್ಳು ಹೇಳಿಬಿಡಲೇ ಎಂದು ಎಷ್ಟೋ ಸಲ ಅನ್ನಿಸಿದೆ. ತಲೆ ಅಲ್ಲಾಡಿಸುತ್ತಿದ್ದೆ. ಅವರು ಮೀನನ್ನು ತೆಗೆದುಕೊಂಡು ಹೋಗಿ ತೆಂಗಿನ ಬುಡದಲ್ಲಿ ಹೂಳುತ್ತಿದ್ದರು.

ಒಂದು ಭಾನುವಾರ, "ಎಲ್ಲಿಂದ ಬರ್ತೈತೆ ನೋಡಿ ಬರಾನ" ಎಂದು ಹೊರಟೇಬಿಟ್ಟರು. ಹೊಳೆಯ ದಂಡೆ ಹಿಡಿದು ಮೇಲೆ ಮೇಲೆ ನಡೆದೆವು. ಕ್ರಾಸಿನ ಹಿಂಭಾಗದಲ್ಲಿ ಗಟಾರವೊಂದು ಬಂದು ಹೊಳೆಗೆ ಬೀಳುತ್ತಿತ್ತು. ನೀರಿನ ಮೇಲೆ ಎಣ್ಣೆಯ ಬಣ್ಣ, ಕೋಳಿಯ ಪುಕ್ಕ, ಬೂದು ನೊರೆ. ಅತ್ತೆ ಸೆರಗಿನಿಂದ ಮೂಗು ಮುಚ್ಚಿಕೊಳ್ಳಲಿಲ್ಲ. ಅವರಿಗೆ ಅದರ ಅಗತ್ಯವಿರಲಿಲ್ಲ. ಕಣ್ಣಿಂದಲೇ ನೋಡಿದರು. ಗ್ಯಾರೇಜಿನಾತ ನಮ್ಮನ್ನು ಕಂಡು ಕೈ ಒರೆಸಿಕೊಳ್ಳುತ್ತ ಬಂದ. ನಲವತ್ತರ ಆಸುಪಾಸಿನ ಸಂಕೋಚದ ಮನುಷ್ಯ. ಅತ್ತೆ ಗಟಾರ ತೋರಿಸಿ, "ಇದು ನಾವು ಉಣ್ಣೂ ನೀರು ಮಾರಾಯ" ಅಂದರು.

"ನನಗೂ ಕಾಣ್ತದೆ ಅಮ್ಮ. ಎಲ್ಲಿಗೆ ಬಿಡೂದು, ನೀವೇ ಹೇಳಿ. ಎಲ್ರದ್ದೂ ಇಲ್ಲಿಗೇ ಬರ್ತದೆ."

ನಾನು ಅವನಿಗೆ ಎರಡು ಮಾತು ಹೇಳಬೇಕೆಂದು ಬಾಯಿ ತೆರೆದೆ. ಆಗ ಕಣ್ಣಿಗೆ ಬಿದ್ದದ್ದು ಕಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡಿದ್ದ ನೀಲಿ ಸೋಪಿನ ಪುಡಿಯ ಖಾಲಿ ಪೊಟ್ಟಣ. ಅದೇ ಪುಡಿಯನ್ನು ನಾನು ಹಿಂದಿನ ದಿನ ಅತ್ತಿಗುಂಡಿಯ ಕೆಳಗೆ, ಬಟ್ಟೆ ಬೆಳ್ಳಗಾಗಲೆಂದು ಮುಷ್ಟಿಗಟ್ಟಲೆ ಸುರಿದಿದ್ದೆ. ನಮ್ಮ ಕೆಳಗೂ ಊರಿದೆ, ಅಲ್ಲೂ ಒಬ್ಬ ಅತ್ತೆ ಗಾಳ ಹಾಕುತ್ತಿರಬಹುದು ಎಂದು ನನಗೆ ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ. ತೆರೆದ ಬಾಯಿ ಮುಚ್ಚಿದೆ.

ಅದಾದ ಮೇಲೆ ಗ್ರಾಮಸಭೆಗೆ ಅತ್ತೆ ಒಂದು ಬಾಟಲಿ ನೀರು ತೆಗೆದುಕೊಂಡು ಹೋದರು. ಸಭೆಯಲ್ಲಿ ಅವರು ಬಾಯಿ ತೆರೆದದ್ದು ಅದೇ ಮೊದಲು. ಮೇಜಿನ ಮೇಲೆ ಬಾಟಲಿ ಇಟ್ಟು, "ನನಗೆ ಮೂಗಿಲ್ಲ. ನಿಮಗೈತಲ್ಲ, ನೋಡಿ" ಎಂದು ಹೇಳಿ ಹಿಂದೆ ಬಂದು ಕೂತರು. ಬಾಟಲಿ ಕೈಯಿಂದ ಕೈಗೆ ಹೋಯಿತು. ಯಾರೂ ನಗಲಿಲ್ಲ. ಅರ್ಜಿ ಕೊಡಿ ಅಂದರು. ನಾನು ನನ್ನ ಅಂಗನವಾಡಿ ಅಕ್ಷರದಲ್ಲಿ ಬರೆದುಕೊಟ್ಟೆ. ಆಮೇಲೆ ಗ್ಯಾರೇಜಿನಾತ ತನ್ನ ಹಿತ್ತಿಲಲ್ಲಿ ಒಂದು ಇಂಗುಗುಂಡಿ ತೋಡಿಸಿದ. ನಾನು ಬಟ್ಟೆ ಒಗೆಯುವುದನ್ನು ಹೊಳೆಯಿಂದ ಹಿತ್ತಿಲಿಗೆ ತಂದೆ. ಉಳಿದದ್ದು ಅರ್ಜಿಯಲ್ಲೇ ಉಳಿಯಿತು.

ಆ ವರ್ಷದ ಬೇಸಿಗೆ ಬಿರುಸಾಗಿತ್ತು. ಹರಿವು ನಿಂತು ಹೊಳೆ ಬರೀ ಗುಂಡಿಗಳ ಸಾಲಾಯಿತು. ಅತ್ತಿಗುಂಡಿಯಲ್ಲಿ ಮೀನುಗಳು ಬೆಳಿಗ್ಗೆ ನೀರಿನ ಮೇಲಕ್ಕೆ ಬಂದು ಬಾಯಿ ತೆರೆದು ಮುಚ್ಚಿ ಮಾಡುತ್ತಿದ್ದವು. ಅತ್ತೆ ಎರಡು ದಿನ ಬೇರಿನ ಮೇಲೆ ಕೂತು ಅದನ್ನೇ ನೋಡಿದರು. ಮೂರನೆಯ ದಿನ ಅಟ್ಟದಿಂದ ಕೂಣಿ ಇಳಿಸಿದರು.

"ಎಂತಕ್ಕೆ ಅತ್ತೆ, ತಿನ್ನೂಕೆ ಆಗೂದಿಲ್ವಲ್ಲ?"

"ತಿನ್ನೂಕಲ್ಲ. ಗಟಾರದ ಮೇಲ್ಗಡೆ ಕಾಡಿನ ಗುಂಡಿ ಐತಲ್ಲ, ಅಲ್ಲಿ ನೀರು ಚಂದೈತೆ. ಇವಕ್ಕೆ ಈಗ ಹತ್ತಿ ಹೋಗೂಕೆ ದಾರಿ ಇಲ್ಲ. ನಾವು ಹೊತ್ತು ಬಿಡಾನ."

ನಾನು ಪ್ಲಾಸ್ಟಿಕ್ ಕೊಡ ತಂದೆ. ಅವರು ನೀರು ಬಿಸಿಲಿಗೆ ಕಾಯಬಾರದೆಂದು ಮಣ್ಣಿನ ಕೊಡ ಹಿಡಿದರು. ಬೆಳಿಗ್ಗೆ ಕೂಣಿ ಎತ್ತಿ, ಮೀನನ್ನು ಕೊಡಕ್ಕೆ ಸುರಿದು, ಕ್ರಾಸಿನ ಬೆನ್ನಿಗೆ ಸುತ್ತು ಹಾಕಿ ಕಾಡಿನ ಗುಂಡಿಯವರೆಗೆ ನಡೆದೆವು. ಮೊದಲ ದಿನ ನನ್ನ ಸೊಂಟದ ಮೇಲೆ ಕೊಡದೊಳಗಿಂದ ಮೀನುಗಳು ಕುಟ್ಟುವಾಗ ನಾನು ಎರಡು ಸಲ ಕಿರುಚಿ ಕೊಡ ಬಿಡುವುದರಲ್ಲಿದ್ದೆ. ಹೋಗುವ ದಾರಿಯಲ್ಲಿ ಅತ್ತೆ ನಿಂತು ನಿಂತು ಕೊಡದ ನೀರನ್ನು ಕೈಯಿಂದ ಚಿಮ್ಮಿಸುತ್ತಿದ್ದರು, ಮೀನಿಗೆ ಉಸಿರು ಸಿಗಲೆಂದು. ಗದ್ದೆಯಲ್ಲಿದ್ದ ಪಕ್ಕದ ಮನೆಯ ಗೌರಕ್ಕ ಕೂಗಿ ಕೇಳಿದರು: "ದ್ಯಾವಕ್ಕ, ಮೀನನ್ನ ತವರಿಗೆ ಕಳಿಸ್ತಿಯನೆ?"

"ಹೌದು. ನೀನೂ ಒಂದು ಕೊಡ ತಗಾ ಬಾ" ಅಂದರು ಅತ್ತೆ. ಗೌರಕ್ಕ ನಗುತ್ತ ಹುಲ್ಲು ಕೊಯ್ಯಲು ಬಗ್ಗಿದರು.

ಎಲ್ಲವೂ ಬದುಕಿದವು ಎಂದು ಹೇಳಲಾರೆ. ಕೆಲವು ದಾರಿಯಲ್ಲೇ ಹೊಟ್ಟೆ ಮೇಲಾಗುತ್ತಿದ್ದವು. ಉಳಿದವನ್ನು ಅತ್ತೆ ಮೊಣಕಾಲು ನೀರಿಗಿಳಿದು, ಕೊಡವನ್ನು ಮೆಲ್ಲಗೆ ಓರೆ ಮಾಡಿ ಬಿಡುತ್ತಿದ್ದರು. ಅವು ಒಂದು ಗಳಿಗೆ ಅಲ್ಲೇ, ಅವರ ಕಾಲ ಬುಡದಲ್ಲಿ, ನಂಬಿಕೆ ಬಾರದವರ ಹಾಗೆ ನಿಲ್ಲುತ್ತಿದ್ದವು. ಆಮೇಲೆ ಒಂದು ಬಾಲ ಅಲುಗಿದರೆ ಎಲ್ಲವೂ ಒಟ್ಟಿಗೆ ಕಲ್ಲಿನ ನೆರಳಿಗೆ ಸೇರುತ್ತಿದ್ದವು.

ಐದನೆಯ ದಿನವೋ ಆರನೆಯ ದಿನವೋ ಮೀನು ಬಿಟ್ಟಾದ ಮೇಲೆ ಅತ್ತೆ ಕೊಡವನ್ನು ತೊಳೆದು, ಕಾಡಿನ ಗುಂಡಿಯ ತಿಳಿನೀರನ್ನು ಕಂಠದವರೆಗೆ ತುಂಬಿ ಸೊಂಟಕ್ಕೇರಿಸಿದರು. ಮನೆಗೆ ಕುಡಿಯಲಿಕ್ಕಿರಬೇಕು ಎಂದುಕೊಂಡೆ. ಬಿಸಿಲೇರಿತ್ತು, ಅವರ ಕತ್ತಿನಲ್ಲಿ ಬೆವರು ಇಳಿಯುತ್ತಿತ್ತು. ನಾನು ಹೊರುತ್ತೇನೆಂದರೂ ಕೊಡಲಿಲ್ಲ. ಅತ್ತಿಮರದ ಹತ್ತಿರ ಬಂದಾಗ ದಾರಿ ಬಿಟ್ಟು ಗುಂಡಿಗೆ ಇಳಿದರು. ಮೀನುಗಳು ಇನ್ನೂ ಅಲ್ಲಲ್ಲಿ ಬಾಯಿ ತೆರೆದು ಮೇಲೆ ಬರುತ್ತಿದ್ದವು. ಅತ್ತೆ ಬಗ್ಗಿ, ಅಷ್ಟು ದೂರ ಹೊತ್ತು ತಂದ ನೀರನ್ನೆಲ್ಲ ಆ ಕರೀ ಗುಂಡಿಗೆ ನಿಧಾನವಾಗಿ ಸುರಿದರು.

"ಉಳಿದವಕ್ಕೆ" ಅಂದರು.

ಅಷ್ಟು ದೊಡ್ಡ ಗುಂಡಿಗೆ ಒಂದು ಕೊಡ ನೀರು. ಮರುದಿನದಿಂದ ನಾನೂ ನನ್ನ ಕೊಡವನ್ನು ಖಾಲಿ ತರಲಿಲ್ಲ.